ಚಾರ್ಜ್: ಹೊರೆ ಒಂದು, ಹೆಗಲು ಹಲವು

ರಾತ್ರಿ ಹತ್ತೂವರೆಗೆ ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು ಆಟೊ ಹಿಡಿಯಲು ಹೋದವರಿಗೆ ‘ಒನ್ ಆ್ಯಂಡ್ ಹಾಫ್ ಚಾರ್ಜ್ ಆಗುತ್ತೆ ಸರ್’ ಎಂಬ ಮಾತು ಕೇಳಿಸುತ್ತದೆ. ಆಟೊದಲ್ಲಿ ಕುಳಿತು ಮನೆಗೆ ಕರೆ ಮಾಡೋಣವೆಂದರೆ ಮೊಬೈಲಿನಲ್ಲಿ ಚಾರ್ಜ್ ಇರುವುದಿಲ್ಲ. ಮನೆ ತಲುಪಿದರೆ ಟಿ.ವಿ.ಯಲ್ಲಿ ಯಾವುದೋ ಪ್ರಕರಣದ ಚಾರ್ಜ್‌ಶೀಟ್ ಸುದ್ದಿ. ಶಾಲೆಯಲ್ಲಿ ಕೆಲಸ ಮಾಡುವ ಅಕ್ಕನಿಗೆ ಅಂದೇ ಮುಖ್ಯಶಿಕ್ಷಕರ ಚಾರ್ಜ್ ಬಂದಿರುತ್ತದೆ. ಇಂಗ್ಲಿಷ್ ಕಲಿಯುವವರು ಸಾಮಾನ್ಯವಾಗಿ ಇವನ್ನು ನಾಲ್ಕು ಬಿಡಿ ಬಿಡಿ ಅರ್ಥಗಳೆಂದು ಬಾಯಿಪಾಠ ಮಾಡಿಕೊಳ್ಳುತ್ತಾರೆ. ಅದರ ಅಗತ್ಯವಿಲ್ಲ, ಈ ಪದದ ಬೀಗ ತೆರೆಯುವ ಕೀಲಿಕೈ ಕನ್ನಡಿಗರ ಮನೆಯಲ್ಲೇ ಇದೆ.

ಮೊದಲ ಹೆಜ್ಜೆ: ಹೊರೆಯನ್ನು ಗುರುತಿಸಿ

ಲ್ಯಾಟಿನ್ ಭಾಷೆಯಲ್ಲಿ ‘ಕರ್ರುಸ್’ ಎಂದರೆ ಬಂಡಿ. ಬಂಡಿಗೆ ಸರಕು ಹೇರುವುದನ್ನು ಹೇಳುವ ಕ್ರಿಯಾಪದವೊಂದು ಅದರಿಂದ ಹುಟ್ಟಿ, ಹಳೆಯ ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದು ‘ಚಾರ್ಜ್’ ಆಯಿತು. ಕಾರ್, ಕಾರ್ಗೊ, ಕ್ಯಾರಿ ಎಲ್ಲವೂ ಇದರ ದಾಯಾದಿಗಳು. ಮೂಗನ್ನೋ ಮೀಸೆಯನ್ನೋ ಅತಿಯಾಗಿ ‘ಹೇರಿ’ ಬರೆಯುವ ವ್ಯಂಗ್ಯಭಾವಚಿತ್ರಕ್ಕೆ ಕ್ಯಾರಿಕೇಚರ್ ಎಂಬ ಹೆಸರು ಬಂದದ್ದೂ ಇದೇ ಬಳ್ಳಿಯಿಂದಲೇ. ಹಾಗಾಗಿ ಚಾರ್ಜ್ ಪದದ ತಳದಲ್ಲಿರುವುದು ಹೇರು ಅಥವಾ ಹೊರಿಸು ಎಂಬ ಒಂದೇ ಭಾವ. ಈಗ ನಮ್ಮ ಮಾತನ್ನು ಗಮನಿಸಿ. ನಾವು ಆರೋಪವನ್ನು ಹೊರಿಸುತ್ತೇವೆ, ಜವಾಬ್ದಾರಿಯನ್ನು ಹೊರಿಸುತ್ತೇವೆ, ತೆರಿಗೆಯನ್ನು ಹೇರುತ್ತೇವೆ. ‘ಆರೋಪ’ ಎಂಬ ಸಂಸ್ಕೃತ ಪದಕ್ಕೂ ಮೇಲೆ ಏರಿಸುವುದು, ಮೇಲಿಡುವುದು ಎಂಬುದೇ ಮೂಲಾರ್ಥ. ಆದ್ದರಿಂದ ಚಾರ್ಜ್ ಎಂಬ ಪದ ಎದುರಾದಾಗ ನಿಘಂಟಿನ ಪುಟ ತಿರುವುವ ಮೊದಲು, ಇಲ್ಲಿ ಯಾರ ಮೇಲೆ ಅಥವಾ ಯಾವುದರ ಮೇಲೆ ಏನನ್ನು ಹೇರಲಾಗಿದೆ ಎಂದು ಕೇಳಿಕೊಳ್ಳಬೇಕು. ಹೇರಿದ್ದು ಹಣವೇ, ಅಪರಾಧವೇ, ಹೊಣೆಯೇ, ವಿದ್ಯುತ್ತೇ ಎಂಬುದು ತಿಳಿದರೆ ಅರ್ಥ ತಾನಾಗಿ ಹೊರಬರುತ್ತದೆ.

ಎರಡನೆಯ ಹೆಜ್ಜೆ: ಹಣದ ಮಾತಾದರೆ ಇನ್ನೊಮ್ಮೆ ಯೋಚಿಸಿ

ನಮ್ಮವರು ಹೆಚ್ಚು ಎಡವುವುದು ಇಲ್ಲಿಯೇ. ‘ಬಸ್ ಚಾರ್ಜ್ ಜಾಸ್ತಿಯಾಯಿತು’ ಎಂಬುದು ಒಳ್ಳೆಯ ಕನ್ನಡ ವಾಕ್ಯವೇ ಹೌದು. ಆದರೆ ಅದನ್ನು ಹಾಗೆಯೇ ಇಂಗ್ಲಿಷಿಗೆ ಒಯ್ದರೆ ಸಲ್ಲುವುದಿಲ್ಲ. ಪ್ರಯಾಣಕ್ಕೆ ಕೊಡುವ ಹಣ ಇಂಗ್ಲಿಷಿನಲ್ಲಿ ಫೇರ್. 2025ರ ಜನವರಿಯಲ್ಲಿ ಬಿಎಂಟಿಸಿ ಬಸ್ಸುಗಳಲ್ಲಿ ಶೇ 15ರಷ್ಟು ಏರಿದ್ದು ಫೇರ್. 2025ರ ಆಗಸ್ಟ್ 1ರಿಂದ ನಗರದ ಆಟೊಗಳಲ್ಲಿ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಅನಂತರದ ಪ್ರತಿ ಕಿ.ಮೀ.ಗೆ 18 ರೂಪಾಯಿ ಎಂದು ನಿಗದಿಯಾದದ್ದೂ, ರಾತ್ರಿ 10ರಿಂದ ಬೆಳಗಿನ 5ರವರೆಗೆ ಅದರ ಒಂದೂವರೆ ಪಟ್ಟು ಕೊಡಬೇಕಾದದ್ದೂ ಫೇರ್. ಅದೇ ಆಟೊವನ್ನು ಔಷಧ ಅಂಗಡಿಯ ಮುಂದೆ ನಿಲ್ಲಿಸಿಕೊಂಡರೆ ಕೊಡುವ ಹಣ ಮಾತ್ರ ವೇಯ್ಟಿಂಗ್ ಚಾರ್ಜ್, ಏಕೆಂದರೆ ಅದು ಪ್ರಯಾಣದ ಬೆಲೆಯಲ್ಲ, ಒಂದು ಸೇವೆಗಾಗಿ ಬಿಲ್ಲಿನ ಮೇಲೆ ಹೇರಿದ ಮೊತ್ತ.

ಇದೇ ರೀತಿ ವೈದ್ಯರಿಗೆ, ವಕೀಲರಿಗೆ, ಶಾಲೆಗೆ ಕೊಡುವುದು ಫೀ, ಅಂಗಡಿಯಲ್ಲಿನ ವಸ್ತುವಿಗೆ ಇರುವುದು ಪ್ರೈಸ್, ಮನೆಗೆ ರೆಂಟ್, ನೈಸ್ ರಸ್ತೆಯ ಗೇಟಿನಲ್ಲಿ ಟೋಲ್. ಇವೆಲ್ಲಕ್ಕೂ ನಾವು ಕೈಗೆ ಸಿಕ್ಕ ಚಾರ್ಜ್ ಪದವನ್ನೇ ಹಚ್ಚುತ್ತೇವೆ. ಸರಿಯಾದ ಬಳಕೆ ನೋಡಬೇಕೆಂದಿದ್ದರೆ ಬೆಸ್ಕಾಂ ಬಿಲ್ ಒಳ್ಳೆಯ ಪಠ್ಯ. ಅದರಲ್ಲಿ ನೀವು ಒಂದು ದೀಪವನ್ನೂ ಹಚ್ಚದಿದ್ದರೂ ಬೀಳುವ ಫಿಕ್ಸೆಡ್ ಚಾರ್ಜ್, ಉರಿಸಿದ ಯೂನಿಟ್‌ಗಳಿಗೆ ಬೀಳುವ ಎನರ್ಜಿ ಚಾರ್ಜ್ ಎಂದು ಎರಡು ಬೇರೆ ಬೇರೆ ಸಾಲುಗಳಿರುತ್ತವೆ.

ಹೋಟೆಲ್ ಬಿಲ್ಲಿನ ಸರ್ವಿಸ್ ಚಾರ್ಜ್ ವಿಷಯದಲ್ಲಿ ಅರ್ಥ ತಿಳಿಯದಿದ್ದರೆ ಜೇಬಿಗೇ ಕತ್ತರಿ ಬೀಳಬಹುದು. ಅದು ಸರ್ಕಾರದ ತೆರಿಗೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಹೋಟೆಲಿನವರು ತಾವೇ ಸೇರಿಸುವ ಮೊತ್ತ. ಬಿಲ್ಲಿನಲ್ಲಿ ಅದನ್ನು ಕಡ್ಡಾಯವಾಗಿ ಅಥವಾ ತಾನಾಗಿಯೇ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಇಲ್ಲಿ ಟ್ಯಾಕ್ಸ್ ಮತ್ತು ಚಾರ್ಜ್ ಬೇರೆ ಬೇರೆ ಎಂಬ ತಿಳಿವಳಿಕೆ ವ್ಯಾಕರಣಕ್ಕಿಂತ ಹೆಚ್ಚಿನ ಲಾಭ ತರುತ್ತದೆ.

ಹಣವಿಲ್ಲದ ಸೇವೆಯನ್ನು ಹೇಳುವಾಗ ‘ಫ್ರೀ ಚಾರ್ಜ್’ ಎನ್ನಬಾರದು, ‘ಫ್ರೀ ಆಫ್ ಚಾರ್ಜ್’ ಎನ್ನಬೇಕು. ನಡುವಿನ ‘ಆಫ್’ ಬಿಟ್ಟರೆ ಪುಕ್ಕಟೆಯಾಗಿ ಮೊಬೈಲಿಗೆ ಚಾರ್ಜ್ ಹಾಕಿಕೊಡುತ್ತಾರೆ ಎಂದು ಯಾರಾದರೂ ಬಂದು ನಿಂತರೆ ಅವರದು ತಪ್ಪಲ್ಲ.

ಮೂರನೆಯ ಹೆಜ್ಜೆ: ಪಕ್ಕದ ಪುಟ್ಟ ಪದವನ್ನು ನೋಡಿ

ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಬಹುಮಟ್ಟಿಗೆ ‘ಫಾರ್’, ‘ವಿತ್’, ‘ಆಫ್’, ‘ಅಟ್’ಗಳಂಥ ಪುಟ್ಟ ಪದಗಳು ಮಾಡುತ್ತವೆ. ಚಾರ್ಜ್ ಜೊತೆಗೆ ‘ಫಾರ್’ ಬಂದರೆ ಹಣದ ಮಾತು: ‘ಹಿ ಚಾರ್ಜ್ಡ್ ಮಿ ಫೈವ್ ಹಂಡ್ರೆಡ್ ರುಪೀಸ್ ಫಾರ್ ದಿ ರಿಪೇರ್.’ ಇಲ್ಲಿ ‘ಮಿ’ ಎಂಬುದರ ಹಿಂದೆ ‘ಟು’ ಸೇರಿಸಬೇಕಾಗಿಲ್ಲ. ‘ನನಗೆ’ ಎಂಬುದರ ಚತುರ್ಥಿಯನ್ನು ಅಲ್ಲಿಗೂ ಎಳೆದೊಯ್ಯುವುದು ನಮ್ಮ ಹಳೆಯ ಅಭ್ಯಾಸ. ‘ವಿತ್’ ಬಂದರೆ ಅಪರಾಧದ ಮಾತು: ‘ಹಿ ವಾಸ್ ಚಾರ್ಜ್ಡ್ ವಿತ್ ಥೆಫ್ಟ್’ ಎಂದರೆ ಅವನ ಮೇಲೆ ಕಳವಿನ ಆರೋಪ ಹೊರಿಸಲಾಯಿತು ಎಂದರ್ಥ. ‘ಅಟ್’ ಬಂದರೆ ಮೈಮೇಲೆ ಏರಿ ಬರುವುದು. ಬನ್ನೇರುಘಟ್ಟದ ಅಂಚಿನ ಹಳ್ಳಿಗಳಲ್ಲಿ ‘ಆನೆ ಚಾರ್ಜ್ ಮಾಡಿತು’ ಎನ್ನುವಾಗಿನ ಅರ್ಥ ಇದೇ. ಲಾಠಿ ಚಾರ್ಜ್ ಎಂಬುದೂ ಈ ಗುಂಪಿನದೇ. ಪತ್ರಿಕೆಗಳು ಇದನ್ನು ಲಾಠಿ ಪ್ರಹಾರ ಎನ್ನುತ್ತವೆ.

ನಾಲ್ಕನೆಯ ಹೆಜ್ಜೆ: ಕೋರ್ಟ್ ಮತ್ತು ಕಚೇರಿಯಲ್ಲಿ ಎಚ್ಚರಿಕೆ

ಚಾರ್ಜ್‌ಶೀಟ್ ಬೇರೆ, ಚಾರ್ಜ್ ಬೇರೆ. ತನಿಖೆ ಮುಗಿಸಿದ ಪೊಲೀಸರು ನ್ಯಾಯಾಲಯಕ್ಕೆ ಸಲ್ಲಿಸುವುದು ಚಾರ್ಜ್‌ಶೀಟ್, ಅಂದರೆ ದೋಷಾರೋಪ ಪಟ್ಟಿ. ಕಾನೂನಿನ ಭಾಷೆಯಲ್ಲಿ ಅದು ಪೊಲೀಸ್ ವರದಿ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 173ನೇ ಸೆಕ್ಷನ್ ಹೇಳುತ್ತಿದ್ದುದನ್ನು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಸೆಕ್ಷನ್ ಹೇಳುತ್ತದೆ. ಆ ವರದಿ, ದಾಖಲೆಗಳನ್ನು ಪರಿಶೀಲಿಸಿ, ವಾದ ಆಲಿಸಿದ ಮೇಲೆ ವಿಚಾರಣೆಗೆ ಆಧಾರವಿದೆ ಎನಿಸಿದರೆ ನ್ಯಾಯಾಧೀಶರು ನಿಗದಿಪಡಿಸುವುದು ಚಾರ್ಜ್. ಆಧಾರವಿಲ್ಲ ಎನಿಸಿದರೆ ಆರೋಪಿಯನ್ನು ಅಲ್ಲಿಯೇ ಬಿಡುವುದು ಡಿಸ್ಚಾರ್ಜ್. ವಿಚಾರಣೆ ನಡೆದು ಆರೋಪ ಸಾಬೀತಾಗದೆ ಬಿಡುವುದು ಅಕ್ವಿಟಲ್. ಎರಡನ್ನೂ ‘ಖುಲಾಸೆ’ ಎಂದು ಒಂದೇ ಚೀಲಕ್ಕೆ ತುಂಬುವುದು ಸರಿಯಲ್ಲ.

ಕಚೇರಿಯ ಚಾರ್ಜ್‌ಗೆ ಕನ್ನಡದಲ್ಲಿ ‘ಪ್ರಭಾರ’ ಎಂಬ ಪದವಿದೆ, ಅದರೊಳಗೇ ಭಾರವಿದೆ. ಆದರೆ ನಮ್ಮಲ್ಲಿ ಇನ್‌ಚಾರ್ಜ್ ಎಂದರೆ ಕಾಯಂ ಅಧಿಕಾರಿ ಬರುವವರೆಗಿನ ತಾತ್ಕಾಲಿಕ ಹೊಣೆ ಎಂಬ ಛಾಯೆ ಅಂಟಿಕೊಂಡಿದೆ. ಇಂಗ್ಲಿಷಿನ ‘ಇನ್ ಚಾರ್ಜ್ ಆಫ್’ ಎಂಬುದಕ್ಕೆ ಆ ಛಾಯೆಯಿಲ್ಲ. ಹೊಣೆ ಹೊತ್ತವರು ಎಂದಷ್ಟೇ ಅರ್ಥ. ನಡುವೆ ‘ದಿ’ ಸೇರಿದರೆ ಮಾತು ತಲೆಕೆಳಗಾಗುತ್ತದೆ. ಶಿಕ್ಷಕಿ ತರಗತಿಯ ‘ಇನ್ ಚಾರ್ಜ್ ಆಫ್’. ತರಗತಿ ಶಿಕ್ಷಕಿಯ ‘ಇನ್ ದಿ ಚಾರ್ಜ್ ಆಫ್’, ಅಂದರೆ ಆಕೆಯ ಸುಪರ್ದಿನಲ್ಲಿದೆ.

ಐದನೆಯ ಹೆಜ್ಜೆ: ವಿದ್ಯುತ್ತಿನ ಕಡೆಗೆ

ಬಂದೂಕಿಗೆ ಮದ್ದು ತುಂಬುವುದಕ್ಕೂ ಇಂಗ್ಲಿಷಿನಲ್ಲಿ ಚಾರ್ಜ್ ಎನ್ನುತ್ತಿದ್ದರು. ಹದಿನೆಂಟನೆಯ ಶತಮಾನದ ನಡುವಿನಲ್ಲಿ ಬೆಂಜಮಿನ್ ಫ್ರ್ಯಾಂಕ್ಲಿನ್ ಮತ್ತು ಅವರ ಸಮಕಾಲೀನರು ಗಾಜಿನ ಜಾಡಿಗಳಲ್ಲಿ ವಿದ್ಯುತ್ತನ್ನು ತುಂಬಿ ಪ್ರಯೋಗ ನಡೆಸುತ್ತಿದ್ದಾಗ ಆ ಪದ ಅಲ್ಲಿಯೂ ನೆಲೆಸಿತು. ಫಿರಂಗಿಗಳ ಸಾಲನ್ನು ಹೇಳುತ್ತಿದ್ದ ‘ಬ್ಯಾಟರಿ’ಯನ್ನು ಜಾಡಿಗಳ ಸಾಲಿಗೆ ಇಟ್ಟವರು ಫ್ರ್ಯಾಂಕ್ಲಿನ್. ನಮ್ಮ ಪಠ್ಯಪುಸ್ತಕಗಳು ವಿದ್ಯುದಾವೇಶ ಎಂದು ಬರೆಯುತ್ತವೆ. ಕೋಲ ಕಟ್ಟಿದವನ ಮೈಮೇಲೆ ಬರುವ ಆವೇಶವನ್ನು ತಂತಿಯೊಳಗೂ ಕಂಡವರು ಯಾರೋ, ಅವರ ಆಯ್ಕೆ ಸೊಗಸಾದದ್ದು. ಇಂಗ್ಲಿಷಿನಲ್ಲಿಯೂ ಉದ್ವಿಗ್ನ ಸಭೆಯನ್ನು ‘ಚಾರ್ಜ್ಡ್’ ಎನ್ನುವುದುಂಟು.

ಆರನೆಯ ಹೆಜ್ಜೆ: ‘ಡಿಸ್’ ಮತ್ತು ‘ರೀ’

‘ಡಿಸ್’ ಸೇರಿದರೆ ಹೊರೆ ಇಳಿಯಿತು. ಆಸ್ಪತ್ರೆಯಿಂದ ರೋಗಿ, ಸೇನೆಯಿಂದ ಯೋಧ, ಗಾಯದಿಂದ ಕೀವು, ಕೆಆರ್‌ಎಸ್‌ನಿಂದ ನೀರು ಹೊರಬರುವುದೆಲ್ಲ ಡಿಸ್ಚಾರ್ಜ್. ಕನ್ನಡದಲ್ಲಿ ಇವಕ್ಕೆ ಬಿಡುಗಡೆ, ಸ್ರಾವ, ಹೊರಹರಿವು ಎಂದು ಬೇರೆ ಬೇರೆ ಪದಗಳಿರುವುದರಿಂದ ಒಂದರ ಜಾಗದಲ್ಲಿ ಇನ್ನೊಂದನ್ನು ಇಡದಂತೆ ನೋಡಿಕೊಳ್ಳಬೇಕು.

‘ರೀ’ ಸೇರಿದರೆ ಮತ್ತೆ ತುಂಬುವುದು. ಮೆಟ್ರೊ ಕಾರ್ಡಿನಿಂದ ಮೊಬೈಲಿನವರೆಗೆ ಇದರಲ್ಲಿ ಗೊಂದಲವಿಲ್ಲ. ಕಬ್ಬನ್ ಉದ್ಯಾನದಲ್ಲಿ ತೋಡಿರುವ ರೀಚಾರ್ಜ್ ಬಾವಿಗಳ ವಿಷಯದಲ್ಲಿ ಮಾತ್ರ ಹೊರೆಯ ಕೀಲಿಕೈ ಕೆಲಸ ಮಾಡುವುದಿಲ್ಲ. ಮಳೆನೀರನ್ನು ಅಂತರ್ಜಲಕ್ಕೆ ಸೇರಿಸುವ ಈ ಬಾವಿಗಳನ್ನು ‘ಮರುಪೂರಣ ಬಾವಿ’ ಎಂದು ಬರೆಯುವವರಿದ್ದಾರೆ. ಆದರೆ ಭೂಮಿಗೆ ಯಾರೂ ಏನನ್ನೂ ಹೇರುತ್ತಿಲ್ಲ. ನೀರು ತಾನಾಗಿ ಇಂಗುತ್ತಿದೆ. ಹಾಗಾಗಿ ಈ ಒಂದು ಅರ್ಥಕ್ಕೆ ‘ಇಂಗುಬಾವಿ’ ಎನ್ನುವುದೇ ಮೇಲು. ಇಂಗ್ಲಿಷಿನಲ್ಲಿ ಹೇಳಬೇಕಾದಾಗ ‘ರೀಚಾರ್ಜ್ ವೆಲ್’ ಎಂದು, ಮನೆಯಂಗಳದ ಸಣ್ಣ ಇಂಗುಗುಂಡಿಯಾದರೆ ‘ರೀಚಾರ್ಜ್ ಪಿಟ್’ ಎಂದು ಬರೆಯಿರಿ.