ಮುಖ ತೋರಿಸದೆ ಮಾಡಿದ ಸಾಕ್ಷ್ಯಚಿತ್ರ

ಕೆನಡಾದ ದಕ್ಷಿಣ ಆಲ್ಬರ್ಟಾದಲ್ಲಿ ಹಟರೈಟರ ಒಂದು ಕಾಲೊನಿಯ ಬಗ್ಗೆ ಕಿರು ಸಾಕ್ಷ್ಯಚಿತ್ರ ಮಾಡಿದೆ. ಹಟರೈಟರೆಂದರೆ ಆಸ್ತಿಯನ್ನೆಲ್ಲ ಹಂಚಿಕೊಂಡು ಒಟ್ಟಿಗೆ ಬಾಳುವ ಒಂದು ಕ್ರೈಸ್ತ ಪಂಥದವರು; ಕಾಲೊನಿಯೆಂದರೆ ಅವರು ಕೂಡಿ ದುಡಿದು ಬಾಳುವ ಕೃಷಿ ಊರು. ಹೆಸರು ಹಾಕಬೇಡಿ ಎಂದು ಅವರು ಕೇಳಿಕೊಂಡದ್ದರಿಂದ ಚಿತ್ರದಲ್ಲೂ ಹಾಕಿಲ್ಲ, ಇಲ್ಲೂ ಹಾಕುತ್ತಿಲ್ಲ.

ಎಲ್ಲ ಹಟರೈಟರೂ ಕ್ಯಾಮೆರಾ ಕಂಡರೆ ದೂರ ಸರಿಯುವವರಲ್ಲ. ಆದರೆ ಸಂಪ್ರದಾಯ ಬಿಗಿಯಾಗಿರುವ ಕಡೆ, ಬೇಕೆಂದೇ ಫೋಟೊಗೆ ನಿಲ್ಲುವುದು, ಪ್ರತಿರೂಪ ಮಾಡಬಾರದೆನ್ನುವ ಬೈಬಲ್ಲಿನ ಎರಡನೇ ಆಜ್ಞೆಗೆ ವಿರುದ್ಧ. ಡ್ರೈವಿಂಗ್ ಲೈಸೆನ್ಸಿಗೆ ಫೋಟೊ ಒಲ್ಲೆವೆಂದು ಆಲ್ಬರ್ಟಾದ್ದೇ ಆದ ವಿಲ್ಸನ್ ಎಂಬ ಹಟರೈಟ್ ಕಾಲೊನಿಯವರು ಕೆನಡಾದ ಸುಪ್ರೀಂ ಕೋರ್ಟ್‌ವರೆಗೂ ಹೋಗಿ, 2009ರಲ್ಲಿ 4-3ರ ಬಹುಮತದ ತೀರ್ಪಿನಲ್ಲಿ ಸೋತರು. ಹಾಗಾಗಿ ನಾನು ಮೊದಲೇ ನಿರ್ಧರಿಸಿದ್ದೆ: ಮುಖ ಬೇಡ, ಕೈ ಮತ್ತು ದನಿ ಸಾಕು.

ಅನುಮತಿ ಕೇಳಬೇಕಾದದ್ದು ಕಾಲೊನಿಯ ಮುಖ್ಯಸ್ಥರಾದ ಧರ್ಮಬೋಧಕರನ್ನು. ಗೌರವಧನದ ಮಾತು ಎತ್ತಿದರೆ, ಸ್ವಂತ ಆಸ್ತಿಯೇ ಇಲ್ಲದವರಿಗೆ ಯಾವ ಗೌರವಧನ? ಕೊಟ್ಟರೂ ಅದು ಕಾಲೊನಿಯ ಖಾತೆಗೆ ಹೋಗುತ್ತದೆ.

ನಾನು ಹೆಂಗಸಾದ್ದರಿಂದ ಅಡುಗೆಮನೆಯ ಬಾಗಿಲು ಬೇಗ ತೆರೆಯಿತು. ಅಲ್ಲಿ ಅಡುಗೆ ಸರದಿಯ ಮೇಲೆ, ಇಡೀ ಕಾಲೊನಿಗೆ ಒಂದೇ ಒಲೆ. ಊಟದ ಮನೆಯಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ, ವಯಸ್ಸಿನ ಪ್ರಕಾರ ಕೂರುತ್ತಾರೆ. ಮಕ್ಕಳಿಗೆ ಬೇರೆಯೇ ಕೋಣೆ. ಮಾತು ಕಡಿಮೆ, ಊಟ ಬಲು ಬೇಗ. ಟ್ರೈಪಾಡ್ ಬಿಚ್ಚುವಷ್ಟರಲ್ಲಿ ತಟ್ಟೆ ಖಾಲಿ!

ಹಿಟ್ಟು ನಾದುವ ಕೈಗಳ ಮೇಲೆ ಒಬ್ಬ ಹಿರಿಯರ ದನಿ ಕೂರಿಸಿದೆ. 1528ರಲ್ಲಿ ಮೊರಾವಿಯದಲ್ಲಿ (ಈಗಿನ ಚೆಕ್ ಗಣರಾಜ್ಯದ ಭಾಗ) ನೆಲೆ ಕಳೆದುಕೊಂಡು ಹೊರಟ ಇವರ ಪೂರ್ವಜರ ಗುಂಪು ನೆಲದ ಮೇಲೆ ನಿಲುವಂಗಿ ಹಾಸಿ, ತಮ್ಮಲ್ಲಿದ್ದದ್ದನ್ನೆಲ್ಲ ಅದರ ಮೇಲೆ ಸುರಿದ ಕಥೆ ಅದು. 1918ರ ಕಥೆಯನ್ನೂ ಅವರೇ ಹೇಳಿದರು. ಯುದ್ಧ ತಮ್ಮ ಧರ್ಮಕ್ಕೆ ಸಲ್ಲದೆಂದು ಸೈನ್ಯದ ಸಮವಸ್ತ್ರ ತೊಡಲು ಒಪ್ಪದ ಜೋಸೆಫ್ ಮತ್ತು ಮೈಕೆಲ್ ಹೋಫರ್ ಎಂಬ ಹಟರೈಟ್ ಅಣ್ಣತಮ್ಮಂದಿರನ್ನು ಅಮೆರಿಕ ಆಲ್ಕಟ್ರಾಜ್ ಜೈಲಿಗೆ ಹಾಕಿತು. ಆಮೇಲೆ ಸಾಗಿಸಿದ ಲೆವನ್‌ವರ್ತ್ ಸೇನಾ ಜೈಲಿನಲ್ಲಿ ಇಬ್ಬರೂ ಸತ್ತರು. ಬದುಕಿದ್ದಾಗ ಒಲ್ಲೆನೆಂದ ಸಮವಸ್ತ್ರವನ್ನು ಜೋಸೆಫನ ಹೆಣಕ್ಕೆ ತೊಡಿಸಿದ್ದರು. ಆಮೇಲೆಯೇ ಅಮೆರಿಕದಲ್ಲಿದ್ದ ಬಹುತೇಕ ಕಾಲೊನಿಗಳು ಗಡಿ ದಾಟಿ ಕೆನಡಾಕ್ಕೆ ಬಂದದ್ದು. ಇಲ್ಲಿ ಸಂಗೀತ ಹಾಕು ಎಂದು ಸಂಕಲನಕಾರ ಹಠ ಹಿಡಿದ, ನಾನು ಒಪ್ಪಲಿಲ್ಲ.

ಜಿಪಿಎಸ್ ಹಾಕಿದ ಟ್ರಾಕ್ಟರ್ ಪಕ್ಕ ಹಳೇ ಕಾಲದ ಉಡುಪು ತೋರಿಸಿ ಬೆರಗುಗೊಳಿಸುವ ಚಿತ್ರಗಳೆಂದರೆ ನನಗೆ ಬೇಸರ. ದುಡಿಮೆಗೆ ಬೇಕಾದ ಯಂತ್ರಕ್ಕೆ ಅವರ ತಕರಾರಿಲ್ಲ. ಅದಕ್ಕಿಂತ ಕುತೂಹಲದ್ದು ಕಾಲೊನಿ ಇಬ್ಭಾಗವಾಗುವ ಬಗೆ. ಜನ ಸುಮಾರು 150 ಮುಟ್ಟುವ ಹೊತ್ತಿಗೆ ಹೊಸ ಜಮೀನು ಕೊಂಡಿರುತ್ತಾರೆ. ಕೆಲವು ಕಡೆ ಎಲ್ಲ ಮನೆಯವರೂ ಗಂಟುಮೂಟೆ ಕಟ್ಟುತ್ತಾರೆ. ಹೋಗುವ ಗುಂಪು ಯಾವುದೆಂದು ಚೀಟಿ ಎತ್ತಿ ತೀರ್ಮಾನ. ಇದನ್ನು ಒಬ್ಬಾಕೆ ಆಲೂಗೆಡ್ಡೆ ಸುಲಿಯುತ್ತಲೇ ವಿವರಿಸಿದರು. ಚಿತ್ರದಲ್ಲಿ ಅತಿ ಉದ್ದದ ಶಾಟ್ ಅದೇ.

ಸಂಜೆಯ ಪ್ರಾರ್ಥನೆಯಲ್ಲಿ ಬೋಧಕರು ಒಂದೊಂದೇ ಸಾಲು ಓದಿ ಹೇಳುತ್ತಾರೆ, ಸಭೆ ಅದನ್ನು ಗಟ್ಟಿ ದನಿಯಲ್ಲಿ ಹಾಡುತ್ತದೆ; ವಾದ್ಯವಿಲ್ಲ. ಕೂತು ಕೇಳಲು ಬಿಟ್ಟರು, ರೆಕಾರ್ಡರ್ ಮಾತ್ರ ಹೊರಗೇ ಇಡಿಸಿದರು. ಹಾಗಾಗಿ ಆ ಹಾಡು ಚಿತ್ರದಲ್ಲಿಲ್ಲ. ಬೇರೆ ಕಡೆಯ ರೆಕಾರ್ಡಿಂಗ್ ತಂದು ಸೇರಿಸಬಹುದಿತ್ತು, ಸೇರಿಸಲಿಲ್ಲ.