ಪ್ಯಾಂಟೊಪ್ರಝೋಲ್ ಮಾತ್ರೆಯನ್ನು ತಿಳಿದು ಸೇವಿಸುವ ಬಗೆ

ಚಿಕ್ಕಮ್ಮನ ಮಾತ್ರೆಗಳ ಡಬ್ಬಿಯನ್ನು ಜೋಡಿಸಿಕೊಡಲು ಕುಳಿತಾಗ ಬೇರೆ ಬೇರೆ ಹೆಸರಿನ ಎರಡು ಸ್ಟ್ರಿಪ್‌ಗಳು ಸಿಕ್ಕವು. ಒಂದನ್ನು ಮಂಡಿನೋವಿಗೆ ನೋಡಿದ ಡಾಕ್ಟರು ಬರೆದಿದ್ದರು, ಇನ್ನೊಂದನ್ನು ಎದೆಯುರಿಗೆಂದು ಬೇರೊಬ್ಬ ಡಾಕ್ಟರು. ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ ಎರಡರಲ್ಲಿಯೂ ಇದ್ದುದು ಜಠರದ ಆಮ್ಲವನ್ನು ತಗ್ಗಿಸುವ ಪ್ಯಾಂಟೊಪ್ರಝೋಲ್ 40 ಮಿಲಿಗ್ರಾಂ. ಅವರು ದಿನವೂ ಎರಡನ್ನೂ ನುಂಗುತ್ತಿದ್ದರು.

ಆದ್ದರಿಂದ ಮೊದಲು ಓದಬೇಕಾದದ್ದು ಕಂಪನಿ ಇಟ್ಟ ಹೆಸರನ್ನಲ್ಲ, ಔಷಧದ ಮೂಲ ಹೆಸರನ್ನು. ಜನೌಷಧಿ ಕೇಂದ್ರಗಳಲ್ಲಿ ಇದೇ ಮಾತ್ರೆ ಮೂಲ ಹೆಸರಿನಲ್ಲಿಯೇ ಕಡಿಮೆ ಬೆಲೆಗೆ ದೊರೆಯುತ್ತದೆ. ಔಷಧವೂ ಪ್ರಮಾಣವೂ ಒಂದೇ ಆಗಿದ್ದರೆ, ಬೆಲೆ ಕಡಿಮೆಯೆಂದು ಅನುಮಾನಿಸಬೇಕಾಗಿಲ್ಲ. ಆದರೆ ಹೆಸರಿನ ಕೊನೆಯಲ್ಲಿ ‘ಡಿ’ ಅಥವಾ ‘ಡಿಎಸ್‌ಆರ್’ ಎಂದಿದ್ದರೆ ಅದರಲ್ಲಿ ಸಾಮಾನ್ಯವಾಗಿ ವಾಕರಿಕೆ ತಡೆಯುವ ಡಾಂಪೆರಿಡೋನ್ ಕೂಡ ಸೇರಿರುತ್ತದೆ. ಅದು ಕೆಲವರಲ್ಲಿ ಹೃದಯ ಬಡಿತದ ಲಯವನ್ನು ಏರುಪೇರು ಮಾಡಬಲ್ಲದು. ಹಾಗಾಗಿ ಒಂದರ ಬದಲು ಇನ್ನೊಂದನ್ನು ಕೊಳ್ಳಬಾರದು.

ಈ ಔಷಧದ ಸ್ವಭಾವವನ್ನು ತಿಳಿದರೆ ಅದನ್ನು ಯಾವಾಗ ನುಂಗಬೇಕೆಂಬುದು ತಾನಾಗಿ ಅರ್ಥವಾಗುತ್ತದೆ. ಜಠರದ ಒಳಪದರದ ಕೆಲವು ಜೀವಕೋಶಗಳಲ್ಲಿ ಆಮ್ಲವನ್ನು ಹೊರಹಾಕುವ ಸೂಕ್ಷ್ಮ ಪಂಪುಗಳಿದ್ದು, ಊಟದ ಹೊತ್ತಿಗೆ ಅವು ಚುರುಕಾಗುತ್ತವೆ; ಹೀಗೆ ಚುರುಕಾದ ಪಂಪುಗಳನ್ನು ಮಾತ್ರ ಪ್ಯಾಂಟೊಪ್ರಝೋಲ್ ಕಟ್ಟಿಹಾಕಬಲ್ಲದು. ಜಠರದ ಆಮ್ಲ ತಗುಲಿದರೆ ಔಷಧವೇ ಕೆಡುವುದರಿಂದ ಮಾತ್ರೆಗೆ ರಕ್ಷಣೆಯ ಲೇಪ ಕೊಟ್ಟಿರುತ್ತಾರೆ. ಅದು ಜಠರವನ್ನು ದಾಟಿ, ಸಣ್ಣ ಕರುಳಿನಲ್ಲಿ ಕರಗಿ, ರಕ್ತದ ಮೂಲಕ ಮತ್ತೆ ಜಠರದ ಜೀವಕೋಶಗಳಿಗೆ ಬರಬೇಕು. ರಕ್ತದಲ್ಲಿ ಅದರ ಪ್ರಮಾಣ ಸುಮಾರು ಒಂದು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಕಟ್ಟಿಹಾಕಿದ ಪಂಪು ಮಾತ್ರ ಮತ್ತೆ ಕೆಲಸ ಮಾಡುವುದಿಲ್ಲ, ಹೊಸದು ಹುಟ್ಟಬೇಕು. ದಿನಕ್ಕೊಂದೇ ಮಾತ್ರೆ ಸಾಮಾನ್ಯವಾಗಿ ಸಾಕಾಗುವುದು ಈ ಕಾರಣದಿಂದ.

ಹಾಗಾಗಿ ಬೆಳಗಿನ ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ, ಬರಿಹೊಟ್ಟೆಯಲ್ಲಿ, ನೀರಿನೊಂದಿಗೆ ಇಡೀ ಮಾತ್ರೆಯನ್ನು ನುಂಗುವುದು ಒಳ್ಳೆಯದು. ಅಗಿಯುವುದು, ಮುರಿಯುವುದು, ಪುಡಿಮಾಡುವುದು ಬೇಡ. ಊಟವಾದ ಮೇಲೆ ಉರಿ ಎದ್ದಾಗ ನುಂಗಿ ಅದು ಕೂಡಲೇ ಇಳಿಯಲಿಲ್ಲವೆಂದು ಮಾತ್ರೆಯನ್ನು ದೂರುವವರೇ ಹೆಚ್ಚು. ಪೂರ್ಣ ಪರಿಣಾಮಕ್ಕೆ ಎರಡು ಮೂರು ದಿನ ಬೇಕು. ಇದನ್ನು ನಾವು ‘ಗ್ಯಾಸ್ ಮಾತ್ರೆ’ ಎಂದು ಕರೆದರೂ ಇದು ವಾಯುವನ್ನು ಹೊರಹಾಕುವುದಿಲ್ಲ.

ಆಮ್ಲ ಮೇಲೆ ಉಕ್ಕಿ ಬರುವ ಎದೆಯುರಿಗೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರಗಳ ಚಿಕಿತ್ಸೆ ಇರುತ್ತದೆ. ನೋವಿನ ಮಾತ್ರೆಗಳನ್ನು ನಿತ್ಯ ಸೇವಿಸಲೇಬೇಕಾದ ಹಿರಿಯರಿಗೆ ಡಾಕ್ಟರು ಇದನ್ನು ಹೆಚ್ಚು ಕಾಲ ಮುಂದುವರಿಸಬಹುದು. ಆದರೆ ಹಳೆಯ ಚೀಟಿ ಹಿಡಿದು ವರ್ಷಗಟ್ಟಲೆ ತರಿಸಿ ನುಂಗುವುದು ಸರಿಯಲ್ಲ. ದೀರ್ಘಕಾಲದ ಬಳಕೆಯಲ್ಲಿ ಬಿ12 ಮತ್ತು ಮೆಗ್ನೀಸಿಯಂ ಕುಗ್ಗುವ, ಮೂಳೆ ಮುರಿತದ ಸಂಭವ ಹೆಚ್ಚುವ ಸಾಧ್ಯತೆಯಿದೆ. ಥೈರಾಯ್ಡ್ ಮಾತ್ರೆ ಸೇವಿಸುವವರು ಅದನ್ನು ಡಾಕ್ಟರಿಗೆ ತಿಳಿಸಬೇಕು, ಏಕೆಂದರೆ ಆಮ್ಲ ಕಡಿಮೆಯಾದಾಗ ಅದು ಸರಿಯಾಗಿ ಹೀರಿಕೆಯಾಗದಿರಬಹುದು. ಬಹುಕಾಲ ಸೇವಿಸಿ ಒಮ್ಮೆಲೇ ನಿಲ್ಲಿಸಿದರೆ ಕೆಲವರಿಗೆ ಆಮ್ಲ ಮೊದಲಿಗಿಂತ ಹೆಚ್ಚಾಗಿ ಉಕ್ಕುತ್ತದೆ. ಚಿಕ್ಕಮ್ಮನ ಎರಡೂ ಸ್ಟ್ರಿಪ್‌ಗಳನ್ನು ಡಾಕ್ಟರಿಗೆ ತೋರಿಸಿದ ಮೇಲೆ ಅವರು ಒಂದನ್ನು ತೆಗೆಸಿ, ಇನ್ನೊಂದನ್ನು ಎಷ್ಟು ದಿನ ಮುಂದುವರಿಸಬೇಕೆಂದು ಬರೆದುಕೊಟ್ಟರು.

ಕಪ್ಪು ಮಲ, ರಕ್ತವಾಂತಿ, ನುಂಗುವಾಗ ತಡೆ, ಕಾರಣವಿಲ್ಲದೆ ತೂಕ ಇಳಿಯುವುದು, ಇವುಗಳಲ್ಲಿ ಒಂದು ಕಂಡರೂ ಈ ಮಾತ್ರೆಯನ್ನು ನೆಚ್ಚಿ ಕೂರದೆ ಆಸ್ಪತ್ರೆಗೆ ಹೋಗಬೇಕು. ಎದೆ ಬಿಗಿದು, ಬೆವರು ಕಿತ್ತುಬಂದು, ನೋವು ತೋಳಿಗೋ ದವಡೆಗೋ ಹರಡಿದರೆ ಗ್ಯಾಸ್ ಇರಬಹುದೆಂದು ಕಾಯಲೇಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ.