ನೀವೇ ಹೆಣೆದ ಸೊಕೊಬಾನ್ ಹಂತವನ್ನು ಇತರರ ಮುಂದಿಡುವುದು ಹೇಗೆ?

ಉಗ್ರಾಣದಲ್ಲಿ ಚದುರಿರುವ ಪೆಟ್ಟಿಗೆಗಳನ್ನು ತಳ್ಳಿ ಗುರುತು ಹಾಕಿದ ಮನೆಗಳಿಗೆ ಸೇರಿಸುವ ಸೊಕೊಬಾನ್ ಆಟವನ್ನು ಜಪಾನಿನ ಹಿರೋಯುಕಿ ಇಮಾಬಯಾಶಿ ಅವರು 1981ರಲ್ಲಿ ರೂಪಿಸಿದರು. ಪೆಟ್ಟಿಗೆಯನ್ನು ಎಳೆಯುವಂತಿಲ್ಲ, ಒಮ್ಮೆಗೆ ಎರಡನ್ನು ತಳ್ಳುವಂತಿಲ್ಲ, ನಿಯಮಗಳು ಇಷ್ಟೇ. ಇಡೀ ನಕ್ಷೆಯನ್ನು ಕೀಲಿಮಣೆಯ ಏಳು ಚಿಹ್ನೆಗಳಲ್ಲಿ ಬರೆದುಬಿಡಬಹುದಾದ್ದರಿಂದ, ಆಟಗಾರರು ತಾವು ಹೆಣೆದ ಹಂತಗಳನ್ನು ಪರಸ್ಪರ ಹಂಚಿಕೊಳ್ಳುವ ರೂಢಿ ದಶಕಗಳಿಂದ ನಡೆದು ಬಂದಿದೆ.

ಮೊದಲು ಆ ಚಿಹ್ನೆಗಳನ್ನು ತಿಳಿದುಕೊಳ್ಳಬೇಕು. ಗೋಡೆಗೆ #, ಆಟಗಾರನಿಗೆ @, ಪೆಟ್ಟಿಗೆಗೆ $, ಗುರಿಮನೆಗೆ ಚುಕ್ಕಿ. ಗುರಿಮನೆಯಲ್ಲಿ ಆಗಲೇ ಕುಳಿತಿರುವ ಪೆಟ್ಟಿಗೆ *, ಗುರಿಮನೆಯಲ್ಲಿ ನಿಂತಿರುವ ಆಟಗಾರ +. ಖಾಲಿ ನೆಲಕ್ಕೆ ಬರಿಯ ಜಾಗ ಬಿಡುವುದು ಮೂಲ ಪದ್ಧತಿಯಾದರೂ, ಸಂದೇಶಗಳಲ್ಲಿ ಅಂಟಿಸಿದಾಗ ಸಾಲುಸಾಲು ಖಾಲಿ ಜಾಗಗಳು ಕುಗ್ಗಿ ಒಂದೇ ಆಗಿಬಿಡುವ ಅಪಾಯವಿರುವುದರಿಂದ, ಕಿರುಗೆರೆ ಹಾಕುವುದೇ ಕ್ಷೇಮ. ಎಲ್ಲ ಅಕ್ಷರಗಳೂ ಒಂದೇ ಅಗಲವಿರುವ ಫಾಂಟ್ ಬಳಸಿದರೆ ಗೋಡೆಗಳು ಸೊಟ್ಟಗೆ ಕಾಣುವುದಿಲ್ಲ.

ಹಂತವನ್ನು ಕಟ್ಟಲು ಕುಳಿತಾಗ ಒಂದೇ ಒಂದು ಉಪಾಯವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಹತ್ತಾರು ಪೆಟ್ಟಿಗೆಗಳನ್ನು ತುಂಬಿದ ಹಂತ ಕಷ್ಟವಾಗಬಹುದೇ ಹೊರತು ಸ್ವಾರಸ್ಯವಾಗುತ್ತದೆಂಬ ಭರವಸೆಯಿಲ್ಲ. ಡೇವಿಡ್ ಸ್ಕಿನ್ನರ್ ಅವರ 155 ಹಂತಗಳ ಮೈಕ್ರೋಬ್ಯಾನ್ ಸಂಗ್ರಹ ಇಂದಿಗೂ ಆಟಗಾರರ ಅಚ್ಚುಮೆಚ್ಚಿನದಾಗಿರುವುದಕ್ಕೆ ಅದರ ಹೆಚ್ಚಿನ ನಕ್ಷೆಗಳು ಅಂಗೈಯಗಲದವು ಎಂಬುದೇ ಕಾರಣವೆಂದು ನನ್ನ ಎಣಿಕೆ. ನಮ್ಮ ಉದಾಹರಣೆಯ ಉಪಾಯ ಹೀಗಿರಲಿ: ಒಂದು ಪೆಟ್ಟಿಗೆ ಇನ್ನೊಂದರ ದಾರಿಗೆ ಅಡ್ಡ ನಿಂತಿದೆ, ಅದನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಸರಿಸಿಡಬೇಕು.

########
#@--####
#-$$-..#
#---####
########

ನೋಡಲು ನಿರುಪದ್ರವಿಯಾದ ಈ ಹಂತವನ್ನು ಯಾರಿಂದಲೂ ಬಿಡಿಸಲಾಗದು. ಬಲಗಡೆಯ ಪೆಟ್ಟಿಗೆಯನ್ನು ಓಣಿಯೊಳಕ್ಕೆ ತಳ್ಳಬೇಕಾದರೆ ಎಡಗಡೆಯ ಪೆಟ್ಟಿಗೆ ಇರುವ ಮನೆಯಲ್ಲೇ ನಾವು ನಿಲ್ಲಬೇಕು. ಅದನ್ನು ಅಲ್ಲಿಂದ ಮೇಲಕ್ಕೆ ತಳ್ಳಿದರೂ ಕೆಳಕ್ಕೆ ತಳ್ಳಿದರೂ ಅದು ಗೋಡೆಗೆ ಆತುಕೊಳ್ಳುತ್ತದೆ. ಗೋಡೆಗೆ ಆತುಕೊಂಡ ಪೆಟ್ಟಿಗೆಯನ್ನು ಈಚೆಗೆ ತರಲು ಗೋಡೆಯೊಳಗೇ ನಿಂತು ತಳ್ಳಬೇಕಾದೀತು. ಇಂತಹ ಸ್ಥಿತಿಗೆ ಆಟಗಾರರು ಡೆಡ್‌ಲಾಕ್ ಎನ್ನುತ್ತಾರೆ. ಹೊಸಬರು ಹಂಚುವ ಹಂತಗಳಲ್ಲಿ ಈ ದೋಷ ಅಪರೂಪವಲ್ಲ. ಕೆಳಗೆ ಒಂದು ಸಾಲು ಸೇರಿಸಿದರೆ ಸಾಕು, ಸರಿಸಿದ ಪೆಟ್ಟಿಗೆಯನ್ನು ಅಡಿಯಿಂದ ಮೇಲಕ್ಕೆ ತಳ್ಳಿ ತರಲು ಜಾಗವಾಗುತ್ತದೆ.

########
#@--####
#-$$-..#
#---####
#---####
########

ಇನ್ನು ನೀವೇ ಅದನ್ನು ಬಿಡಿಸಿ ನೋಡಬೇಕು. ಇದು ತಪ್ಪಿಸುವಂತಿಲ್ಲದ ಹೆಜ್ಜೆ. 2015ರ ಸೂಪರ್ ಮಾರಿಯೊ ಮೇಕರ್ ಆಟದಲ್ಲಿ ತಾನು ಮಾಡಿದ ಹಂತವನ್ನು ತಾನೇ ಆಡಿ ಮುಗಿಸದೆ ಅಪ್‌ಲೋಡ್ ಮಾಡಲು ಬರುತ್ತಿರಲಿಲ್ಲ. ಸೊಕೊಬಾನ್‌ಗೆ ಅಂತಹ ಕಾವಲುಗಾರನಿಲ್ಲವಾದ್ದರಿಂದ ಆ ಶಿಸ್ತನ್ನು ನಾವೇ ಪಾಲಿಸಬೇಕು. ಜೆಸೊಕೊದಂತಹ ಉಚಿತ ತಂತ್ರಾಂಶದಲ್ಲಿ ನಕ್ಷೆಯನ್ನು ಅಂಟಿಸಿದರೆ, ಅದರೊಳಗಿನ ಸಾಲ್ವರ್ ಸಣ್ಣ ಹಂತಗಳಿಗೆ ಉತ್ತರ ಹುಡುಕಿಕೊಡುತ್ತದೆ. ದೊಡ್ಡ ಹಂತಗಳಲ್ಲಿ ಮಾತ್ರ ಅದನ್ನೇ ನೆಚ್ಚಿಕೊಳ್ಳಬೇಡಿ: ಸೊಕೊಬಾನ್ ಗಣಕಯಂತ್ರಕ್ಕೂ ಅತಿ ಕಠಿಣವಾದ ಸಮಸ್ಯೆಗಳ ವರ್ಗಕ್ಕೆ ಸೇರಿದ್ದೆಂದು ಜೋಸೆಫ್ ಕಲ್ಬರ್ಸನ್ 1997ರಲ್ಲಿಯೇ ತೋರಿಸಿಕೊಟ್ಟಿದ್ದಾರೆ.

ಪರಿಹಾರವನ್ನು ಬರೆದಿಡಲು ಒಂದು ಸಂಕೇತ ಬಳಕೆಯಲ್ಲಿದೆ. ಎಡಕ್ಕೆ ಎಲ್, ಬಲಕ್ಕೆ ಆರ್, ಮೇಲಕ್ಕೆ ಯು, ಕೆಳಕ್ಕೆ ಡಿ. ಸುಮ್ಮನೆ ನಡೆದರೆ ಇಂಗ್ಲಿಷಿನ ಸಣ್ಣಕ್ಷರ, ಪೆಟ್ಟಿಗೆ ತಳ್ಳಿದರೆ ದೊಡ್ಡಕ್ಷರ. ನಮ್ಮ ಹಂತದಲ್ಲಿ ಬಲಕ್ಕೊಂದು ಹೆಜ್ಜೆಯಿಟ್ಟು, ಎಡಗಡೆಯ ಪೆಟ್ಟಿಗೆಯನ್ನು ಒಂದು ಮನೆ ಕೆಳಕ್ಕೆ ತಳ್ಳಿ, ಇನ್ನೊಂದನ್ನು ಓಣಿಯ ತುದಿಯವರೆಗೆ ಮೂರು ಮನೆ ಒಯ್ಯಬೇಕು. ಆಮೇಲೆ ಎಡಗೋಡೆಯ ಬದಿಯಿಂದ ಸುತ್ತಿ ಕೆಳಗಿಳಿದು, ಸರಿಸಿಟ್ಟದ್ದನ್ನು ಮೇಲಕ್ಕೆ ತಳ್ಳಿ, ಮತ್ತೆ ಎಡಕ್ಕೆ ಬಂದು ಮೂರು ಮನೆ ಬಲಕ್ಕೆ ಒಯ್ದರೆ ಮುಗಿಯಿತು. ಒಟ್ಟು 18 ಹೆಜ್ಜೆ, ಅವುಗಳಲ್ಲಿ 8 ತಳ್ಳುವಿಕೆ.

ಹಂಚುವಾಗ ನಕ್ಷೆಯ ಜೊತೆಗೆ ಹಂತದ ಹೆಸರು, ರಚಿಸಿದವರ ಹೆಸರು ಮತ್ತು ಈ ಎರಡು ಅಂಕಿಗಳು ಇರಲಿ. ಪರಿಹಾರವನ್ನು ಮಾತ್ರ ನಕ್ಷೆಯ ಕೆಳಗೇ ತೆರೆದಿಡಬೇಡಿ. ಕೇಳಿದವರಿಗೆ ಬೇರೆಯಾಗಿ ಕೊಡಿ. ಹಂತದ ಹೆಸರೇ ಗುಟ್ಟು ಬಿಟ್ಟುಕೊಡುವುದೂ ಉಂಟು: ಇದಕ್ಕೆ ‘ಸ್ವಲ್ಪ ಪಕ್ಕಕ್ಕೆ’ ಎಂದು ಹೆಸರಿಟ್ಟರೆ ಆಡುವುದಕ್ಕೆ ಉಳಿದದ್ದೇನು?

ನಿಜವಾದ ಕೆಲಸ ಪ್ರತಿಕ್ರಿಯೆಗಳು ಬಂದ ಮೇಲೆ ಆರಂಭವಾಗುತ್ತದೆ. ‘ತುಂಬ ಚೆನ್ನಾಗಿದೆ’ ಎಂಬ ಮಾತಿನಿಂದ ರಚನಕಾರನಿಗೆ ಪ್ರಯೋಜನ ಕಡಿಮೆ; ಎಲ್ಲಿ ಸಿಕ್ಕಿಬಿದ್ದಿರಿ, ಎಷ್ಟು ಹೆಜ್ಜೆ ಹಿಂದಕ್ಕೆ ಹೋಗಬೇಕಾಯಿತು, ಯಾವ ದಾರಿ ಹಿಡಿದಿರಿ ಎಂದು ಹೇಳುವವರೇ ಬೇಕು. ಮೇಲಿನ ಹಂತವನ್ನು ಯಾರಾದರೂ 22 ಹೆಜ್ಜೆಗಳಲ್ಲಿ ಮುಗಿಸಿದ್ದಾಗಿ ಬರೆದರೆ, ನಾಲ್ಕು ಹೆಜ್ಜೆ ದಂಡವೆಂದು ನಗಬೇಡಿ. ಅವರ ಪರಿಹಾರವನ್ನು ತರಿಸಿಕೊಂಡು ಆಡಿಸಿ ನೋಡಿ. ಅವರು ಎಡಗಡೆಯ ಪೆಟ್ಟಿಗೆಯ ಬದಲು ಬಲಗಡೆಯದನ್ನೇ ಕೆಳಕ್ಕೆ ಸರಿಸಿ, ಎಡಗಡೆಯದನ್ನು ತುದಿಗೆ ಕಳುಹಿಸಿರುತ್ತಾರೆ. ತಳ್ಳುವಿಕೆಗಳು ಅಲ್ಲಿಯೂ ಎಂಟೇ. ಅಂದರೆ ನೀವು ಯೋಚಿಸದ ಎರಡನೆಯ ದಾರಿಯೊಂದು ನಕ್ಷೆಯಲ್ಲಿ ಮೊದಲಿನಿಂದಲೂ ಇತ್ತು. ಅದನ್ನು ಉಳಿಸಿಕೊಳ್ಳುವುದೋ ಮುಚ್ಚುವುದೋ ನಿಮ್ಮ ಇಷ್ಟ. ಉಪಾಯ ಒಂದೇ ಇರಲೆಂದು ಬಯಸುವ ನಾನಾದರೆ ಮುಚ್ಚುತ್ತೇನೆ.

########
#@--####
#-$$-..#
#--#####
#--#####
########

ತಿದ್ದಿದ ಮೇಲೆ ಹಳೆಯ ನಕ್ಷೆಯನ್ನು ಅಳಿಸಿಹಾಕದೆ, ಹೊಸದಕ್ಕೆ ಎರಡನೆಯ ಆವೃತ್ತಿಯೆಂದು ಗುರುತು ಹಾಕಿ, ದೋಷ ತೋರಿಸಿದವರ ಹೆಸರನ್ನು ಪಕ್ಕದಲ್ಲಿ ಬರೆಯಿರಿ. ಎರಡೂ ಒಂದೇ ಹೆಸರಿನಲ್ಲಿ ಓಡಾಡತೊಡಗಿದರೆ ಯಾರ ಉತ್ತರ ಯಾವುದಕ್ಕೆಂದು ತಿಳಿಯದೆ ಗೊಂದಲವಾಗುತ್ತದೆ: 18 ಹೆಜ್ಜೆಗಳ ಪರಿಹಾರ ಎರಡರಲ್ಲಿಯೂ ನಡೆಯುತ್ತದೆ, 22 ಹೆಜ್ಜೆಗಳದ್ದು ಹೊಸ ನಕ್ಷೆಯಲ್ಲಿ ಮೂರನೆಯ ಹೆಜ್ಜೆಗೇ ಗೋಡೆಗೆ ಬಡಿದು ನಿಲ್ಲುತ್ತದೆ.